ಹೇಸರಗತ್ತೆಯೂ ಒಗೆಯುವ ಕಲ್ಲೂ

ಗಡಿಯಲ್ಲಿ ಹನ್ನೊಂದು ವರ್ಷ ಮದ್ದುಗುಂಡು ಹೊತ್ತು ಬಂದ ಹೇಸರಗತ್ತೆ, ಮಡಿವಾಳ ಕೆಂಚಪ್ಪ ಒಗೆದ ಬಟ್ಟೆಯ ಗಂಟಿನ ಸಮೇತ ಹೊಳೆದಂಡೆಯ ಕೆಸರಿನಲ್ಲಿ ಮಲಗಿಬಿಟ್ಟಿತು. ಇದು ಮೂರನೆಯ ಸಲ.

"ಏಳು ಮಗಾ," ಎಂದಿತು ಕೆಂಚಪ್ಪನ ಮುದಿ ಕತ್ತೆ. "ಇನ್ನೊಮ್ಮೆ ಮಲಗಿದರೆ ಯಜಮಾನ ನಿನ್ನನ್ನು ಸಂತೆಗೆ ಹೊಡೆದು ಮಾರಿಬಿಡುತ್ತಾನೆ."

"ದೊಡ್ಡಪ್ಪಾ, ಮೊದಲು ಹುಸ್ ಎಂದಿತು, ಆಮೇಲೆ ಢಬ್ ಎಂದಿತು. ಗಡಿಯಲ್ಲಿ ಶೆಲ್ಲು ಬೀಳುವುದು ಹಾಗೆಯೇ. ಮಲಗದವರು ಯಾರೂ ಉಳಿಯಲಿಲ್ಲ."

ಕತ್ತೆ ನಗಲಿಲ್ಲ. "ಅಲ್ಲಿ ಮಲಗಿದ್ದು ಸರಿ. ಇಲ್ಲಿ ಢಬ್ ಎನ್ನುವುದು ಕಲ್ಲಿಗೆ ಬಡಿದ ಬಟ್ಟೆ. ಹುಸ್ ಎನ್ನುವುದು ಕೆಂಚಪ್ಪನ ಉಸಿರು. ಹತ್ತಿರ ನಿಂತು ನೋಡು."

"ಕಾಲು ನಡುಗುತ್ತದೆ."

"ನಡುಗಲಿ. ನಡುಗುವ ಕಾಲೂ ನಿಲ್ಲುತ್ತದೆ."

ಮರುದಿನ ಹೇಸರಗತ್ತೆ ಗಂಟು ಹೊತ್ತು ಒಗೆಯುವ ಕಲ್ಲಿನ ಪಕ್ಕದಲ್ಲೇ ನಿಂತಿತು. ಕೆಂಚಪ್ಪ ಬಟ್ಟೆ ಎತ್ತಿ ಹುಸ್ ಎಂದ. ಅದೂ ಮೂಗರಳಿಸಿ ಹುಸ್ ಎಂದಿತು. ಢಬ್! ಮಂಡಿ ಬಾಗಿತು, ನೆಲ ಮುಟ್ಟಲಿಲ್ಲ. ನಲವತ್ತನೆಯ ಬಟ್ಟೆಯ ಹೊತ್ತಿಗೆ ಇಬ್ಬರ ಉಸಿರೂ ಒಂದೇ ತಾಳಕ್ಕೆ ಬಿದ್ದಿತ್ತು.

"ಭೇಷ್! ಇದಕ್ಕೂ ಒಗೆಯುವುದು ಬಂತಲ್ಲ!" ಎಂದ ಕೆಂಚಪ್ಪ.

ಹೇಸರಗತ್ತೆ ದಡ ಹತ್ತಿ ಊರು ಸೇರಿತು. ಒಂದು ಬಟ್ಟೆಗೂ ಕೆಸರು ತಾಗಲಿಲ್ಲ.