ಮಂಚಮ್ಮ ಮಗನ ಜೊತೆ ಗಾಳಿಬೆಟ್ಟ ದಾಟಿದ್ದು

ಗಾಳಿಬೆಟ್ಟದ ಬುಡದಲ್ಲಿ ಮಂಚಮ್ಮ ಅಂತ ಒಬ್ಬಳಿದ್ದಳು. ಗಂಡ ಇಲ್ಲ. ಮನೆಯಲ್ಲಿ ಇದ್ದವನು ಒಬ್ಬ ಮಗ, ಜವರ. ಆಳೇನೋ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವ್ವನ ಮಾತು ಒಂದು ದಿನವೂ ಮೀರಿದವನಲ್ಲ. ಅದೇ ಅವಳ ಗೋಳು. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ.

ಮಗಳು ಚಿಕ್ಕತಾಯಿಯನ್ನ ಬೆಟ್ಟದಾಚೆಗೆ ಕೊಟ್ಟಿದ್ದರು. ಅವಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯದು ನಿಂತು ದಿನ ತುಂಬುತ್ತಾ ಬಂತು. ಅತ್ತೆ ಇಲ್ಲದ ಮನೆ. "ಈ ಸಲ ಅವ್ವ ನನ್ನ ಪಕ್ಕ ಇರಬೇಕು" ಅಂತ ಹೇಳಿ ಕಳಿಸಿದಳು. ಬೆಟ್ಟ ದಾಟೋಕೆ ಎರಡು ದಿನ. ಮೇಲೆ ಮರವಿಲ್ಲ, ಮನೆಯಿಲ್ಲ, ಬರೀ ಹುಲ್ಲು, ಬರೀ ಗಾಳಿ. ಸುಮ್ಮನೆ ಎದ್ದು ಹೊರಡುವ ದಾರಿಯಲ್ಲ ಅದು. ಮಂಚಮ್ಮ ಹದಿನೈದು ದಿನ ಮುಂಚೆಯೇ ತಯಾರಿಗೆ ಕೂತಳು.

"ಜವರ, ದಾರಿ ಕವಲೊಡೆಯೋ ಕಡೆಯೆಲ್ಲ ಕುರುಬರು ಸುಣ್ಣ ಬಳಿದ ಕಲ್ಲು ಇಟ್ಟಿದ್ದಾರೆ. ನೆತ್ತಿವರೆಗೂ ಹೋಗಿ ಗುರುತು ಹಿಡ್ಕೊಂಡು ಬಾ."

ಹೋದ. ಎರಡನೇ ದಿನ ಸಾಯಂಕಾಲ ಬಂದ. ತಲೆ ಮೇಲೆ ಒಂದು ಗೋಣಿಚೀಲ. ಧೊಪ್ಪನೆ ಇಳಿಸಿದ.

"ಏನ್ಲಾ ಇದು?"

"ಗುರುತು ಕಣವ್ವ. ಹಿಡ್ಕೊಂಡು ಬಂದೆ. ಏಳು ಕಲ್ಲು. ಒಂದನ್ನೂ ಬಿಟ್ಟಿಲ್ಲ."

"ಯಾವುದು ಎಲ್ಲಿತ್ತು, ಅದಾದ್ರೂ ಗೊತ್ತಾ?"

"ಅದನ್ನ ನೀನು ಹೇಳಿರಲಿಲ್ಲ."

ಮಂಚಮ್ಮ ಹಣೆ ಚಚ್ಚಿಕೊಂಡಳು. "ಅಂಥದ್ದನ್ನ ಮುಟ್ಟಬಾರದು ಕಣಪ್ಪ. ಕಣ್ತುಂಬ ನೋಡಬೇಕು, ಮನಸ್ಸಲ್ಲಿ ಇಟ್ಕೊಂಡು ಬರಬೇಕು."

"ಹಾಗೇ ಮಾಡ್ತೀನಿ ಬಿಡವ್ವ."

ಮಾರನೆಯ ದಿನ ಪಕ್ಕದ ಊರಿನ ನೇಯುವವನ ಹತ್ತಿರ ಕಂಬಳಿಗೆ ಕಳಿಸಿದಳು. ಜವರ ಕೈಬೀಸಿಕೊಂಡು ಬಂದ.

"ಕಂಬಳಿ ಎಲ್ಲೋ?"

"ಮನಸ್ಸಲ್ಲಿದೆ. ಕಪ್ಪು ಕಂಬಳಿ, ಅಂಚಿಗೆ ಎರಡು ಬಿಳೀ ಗೆರೆ. ಕಣ್ತುಂಬ ನೋಡ್ದೆ. ಮುಟ್ಟಲಿಲ್ಲ. ಅಷ್ಟರಲ್ಲಿ ಇನ್ಯಾರೋ ತಗೊಂಡು ಹೋದ್ರು."

ಇದ್ದದ್ದು ಅದೊಂದೇ ಕಂಬಳಿ. ಇನ್ನೊಂದು ನೇಯೋಕೆ ತಿಂಗಳಾಗುತ್ತೆ. ಮಂಚಮ್ಮ ಗೋಡೆಗೆ ಒರಗಿ ಕೂತಳು. "ಅಂಥದ್ದನ್ನ ಮೈಮೇಲೆ ಹಾಕ್ಕೊಂಡು ಬರಬೇಕು ಕಣೋ. ತಲೆಯಿಂದ ಕಾಲಿನವರೆಗೂ ಹಾಕ್ಕೊಂಡು ಬರಬೇಕು."

"ಹಾಗೇ ಮಾಡ್ತೀನಿ ಬಿಡವ್ವ."

ದಾರಿಗೆ ಬುತ್ತಿ ಬೇಕಲ್ಲ. ಮಂಚಮ್ಮನ ತಂಗಿ ಮೂರು ಸೇರು ರಾಗಿ ಹುರಿದು, ಬೆಲ್ಲ ಏಲಕ್ಕಿ ಹಾಕಿ ಹುರಿಹಿಟ್ಟು ಮಾಡಿಟ್ಟಿದ್ದಳು. ಜವರ ತರೋಕೆ ಹೋದ. ಚಿಕ್ಕಮ್ಮನ ಬಾಗಿಲು ದಾಟಿದವನೇ ಮಡಕೆಯನ್ನ ತಲೆ ಮೇಲೆ ಬೋರಲು ಹಾಕಿಕೊಂಡ. ಬೆಟ್ಟದ ಗಾಳಿ ಬೀಸಿತು. ಮನೆ ಮುಟ್ಟೋ ಹೊತ್ತಿಗೆ ರೆಪ್ಪೆ ಮೇಲೆ ಒಂದಿಷ್ಟು, ಕಿವಿಯೊಳಗೆ ಒಂದಿಷ್ಟು ಉಳಿದಿತ್ತು.

"ತಲೆಯಿಂದ ಕಾಲಿನವರೆಗೂ ಹಾಕ್ಕೊಂಡೆ ಕಣವ್ವ. ಗಾಳಿ ಬಿಡಲಿಲ್ಲ."

ಮಂಚಮ್ಮನಿಗೆ ಬೈಯೋಕೂ ಶಕ್ತಿ ಇರಲಿಲ್ಲ. ಅವನ ಕಿವಿಯೊಳಗಿನ ಹಿಟ್ಟು ಒರೆಸುತ್ತಾ ಅತ್ತಳು. "ಗಾಳಿಗೆ ಹಾರಿಹೋಗೋದು ಯಾವುದೇ ಆಗಲಿ, ಬಟ್ಟೇಲಿ ಬಿಗಿಯಾಗಿ ಗಂಟು ಕಟ್ಟಬೇಕು. ಮೇಲೊಂದು ಕಲ್ಲು ಹೇರಬೇಕು."

"ಹಾಗೇ ಮಾಡ್ತೀನಿ ಬಿಡವ್ವ."

ಗುರುತಿನ ಕಲ್ಲು ಹೋದಮೇಲೆ ದಾರಿ ತೋರಿಸೋಕೆ ಒಬ್ಬ ಬೇಕಾಯಿತು. ಕುರಿ ಕಾಯುವ ಬೀರತಾತ ಒಬ್ಬನೇ ಕಣ್ಣು ಮುಚ್ಚಿಕೊಂಡು ಬೆಟ್ಟ ದಾಟಬಲ್ಲವನು. ಎಪ್ಪತ್ತು ವರ್ಷ, ಕಡ್ಡಿಯಂಥ ಮೈ. ಕರೆಯೋಕೆ ಹೋದ ಜವರನಿಗೆ ತಾತ ಅಂದ, "ಬರ್ತೀನಿ ಮಗ. ಆದ್ರೆ ಈ ಗಾಳಿ ನನ್ನಂಥವನನ್ನ ಹಾರಿಸ್ಕೊಂಡು ಹೋಗ್ಬಿಡುತ್ತೆ."

ಜವರ ಒಬ್ಬನೇ ಬಂದ.

"ತಾತ ಎಲ್ಲೋ?"

"ಹಾರಿಹೋಗ್ತೀನಿ ಅಂದ ಕಣವ್ವ. ಅವನ ಪಂಚೇಲೇ ಗಂಟು ಕಟ್ಟಿದೆ. ಮೇಲೊಂದು ಬೀಸೋಕಲ್ಲು ಹೇರಿ ಬಂದೆ. ಎಲ್ಲೂ ಹೋಗಲ್ಲ."

ಮಂಚಮ್ಮ ಓಡಿದಳು. ತಾತ ಬದುಕಿದ್ದ. ಗಂಟು ಬಿಚ್ಚಿದ ಮೇಲೆ ಸೊಂಟ ಹಿಡಿದುಕೊಂಡು ಎದ್ದು ಕೂತು ಒಂದೇ ಮಾತು ಹೇಳಿದ. "ತಾಯಿ, ನಿನ್ನ ಮಗನ ಜೊತೆ ನಾನು ಬಾವಿಕಟ್ಟೆವರೆಗೂ ಬರಲ್ಲ."

"ಮನುಷ್ಯರನ್ನ ಕಟ್ಟೋದಲ್ಲ ಜವರ," ಅಂದಳು ಮಂಚಮ್ಮ. "ನೋವಾಗದ ಹಾಗೆ, ಮೆತ್ತಗೆ, ಜೋಪಾನವಾಗಿ ಕರ್ಕೊಂಡು ಬರಬೇಕು."

"ಹಾಗೇ ಮಾಡ್ತೀನಿ ಬಿಡವ್ವ."

ದಿನ ನಿಲ್ಲುತ್ತಾ? ಕಂಬಳಿಯಿಲ್ಲದೆ, ಗುರುತಿಲ್ಲದೆ, ನಾಲ್ಕು ರೊಟ್ಟಿ ಕಟ್ಟಿಕೊಂಡು ತಾಯಿ ಮಗ ಬೆಟ್ಟ ಹತ್ತಿದರು. ಎಡಕ್ಕೆ ಹೋದರೆ ಪ್ರಪಾತ, ಬಲಕ್ಕೆ ಹೋದರೆ ಕೆಸರು. ಎರಡು ದಿನದ ದಾರಿ ನಾಲ್ಕು ದಿನ ಹಿಡಿಯಿತು. ನಾಲ್ಕನೇ ದಿನ ಮಧ್ಯಾಹ್ನ ನೆತ್ತಿಗೆ ಬಂದರೆ, ಕೆಳಗೇ ಮಗಳ ಊರು. ಎಣಿಸಿದರೆ ಹನ್ನೆರಡು ಮನೆ. ಮಂಚಮ್ಮ ಖುಷಿಗೆ ಎರಡು ಹೆಜ್ಜೆ ಜೋರಾಗಿ ಇಟ್ಟಳು. ಗಾಳಿ ನೂಕಿತು. ಬಿದ್ದಳು. ಕಾಲು ಉಳುಕಿ ಊದಿಕೊಂಡಿತು.

ಜವರನ ಹೆಗಲೇರೋಕೆ ಅವಳಿಗೆ ಧೈರ್ಯ ಬರಲಿಲ್ಲ. ಮಾತನ್ನ ಹತ್ತು ಸಲ ಅಳೆದು ಹೇಳಿದಳು. "ಕೊನೇ ಮನೆ ನಿನ್ನ ತಂಗೀದು. ಹೋಗು. ನನ್ನನ್ನ ಹೊರಬೇಕು, ಹೆಂಗಸರ ಕೈಲಿ ಆಗಲ್ಲ. ಮನೇಲಿ ಗಂಡಸು ಯಾರಿದ್ದಾರೋ ಅವರನ್ನ ಕರ್ಕೊಂಡು ಬಾ."

"ಮೆತ್ತಗೆ, ಜೋಪಾನವಾಗಿ?"

"ಹೂಂ ಕಣಪ್ಪ."

ಹೋದ. ಬಿಸಿಲು ಇಳಿಯೋ ಹೊತ್ತಿಗೆ ಎದೆಗೆ ಏನನ್ನೋ ಅವುಚಿಕೊಂಡು ಒಬ್ಬನೇ ಹತ್ತಿ ಬಂದ. ಮೆತ್ತಗೆ ಬಂದ. ಅವ್ವನ ಮಡಿಲಲ್ಲಿ ಇಳಿಸಿದ. ಆ ಬೆಳಿಗ್ಗೆ ಹುಟ್ಟಿದ ಕೂಸು. ಹಳೇ ಸೀರೆ ಸುತ್ತಿದೆ, ಹೊಕ್ಕುಳ ಇನ್ನೂ ಹಸಿ.

"ಭಾವ ಸೂಲಗಿತ್ತೀನ ಬಿಟ್ಟುಬರೋಕೆ ಹೋಗಿದ್ದ. ತಂಗಿ ಮಲಗಿದ್ದಳು," ಅಂದ ಜವರ. "ಮನೇಲಿ ಇದ್ದ ಗಂಡಸು ಇವನೊಬ್ಬನೇ ಕಣವ್ವ."

ಮಂಚಮ್ಮ ಕೂಸನ್ನ ಸೆರಗಿನೊಳಗೆ ಹಾಕಿಕೊಂಡು ಗಾಳಿಗೆ ಬೆನ್ನು ಕೊಟ್ಟು ಬಗ್ಗಿದಳು. ಕೆಳಗಿನಿಂದ ಮಗಳು ಕಿರುಚೋದು ಕೇಳಿಸಿತು.

"ನಿಂತ್ಕೊಳ್ಳೋ, ಗಾಳಿಗೆ ಅಡ್ಡ ನಿಂತ್ಕೊ. ಅಲ್ಲಾಡಬೇಡ," ಅಂದಳು ಮಂಚಮ್ಮ.

ಜವರ ಕೈ ಚಾಚಿ ನಿಂತ. ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಳಿಯ, ಅವನ ಹಿಂದೆ ಊರಿನ ಗಂಡಸರೆಲ್ಲ ಬಡಿಗೆ ಹಿಡಿದು ಓಡಿ ಬಂದರು. ಬೈಯೋದು ಆಮೇಲೆ ಅಂತ ಕೂಸನ್ನೂ ಮುದುಕಿಯನ್ನೂ ಹೊತ್ತುಕೊಂಡು ಇಳಿದರು. ಕೂಸು ತಾಯಿಯ ಎದೆಗೆ ಬಿದ್ದು ಹಾಲು ಕುಡಿಯಿತು. ಆಗ ಮಂಚಮ್ಮ ಬಾಗಿಲಾಚೆ ನೋಡಿದಳು. ನೆತ್ತಿಯ ಮೇಲೆ ಒಂದು ಕಡ್ಡಿ ಕೈ ಚಾಚಿ ನಿಂತಿತ್ತು.

"ಅಯ್ಯೋ, ಅವನಿಗೆ ಸಾಕು ಅಂತ ಹೇಳಲೇ ಇಲ್ಲ."

ಅಳಿಯ ಮತ್ತೆ ಹೊರಟ. ಮಂಚಮ್ಮ ಅವನ ಕೈ ಹಿಡಿದುಕೊಂಡಳು. "ಇಳಿ ಅಂತ ಮಾತ್ರ ಅನ್ನಪ್ಪ. ಅದರ ಮೇಲೆ ಒಂದು ಮಾತೂ ಆಡಬೇಡ."

ಅಳಿಯ ಅರ್ಧ ಬೆಟ್ಟ ಹತ್ತಿ, ಏದುಸಿರು ಬಿಡುತ್ತಾ, ಇಳಿಯಪ್ಪಾ ಅಂತ ಕೂಗಿದ. ಅದರ ಮೇಲೆ ಒಂದು ಮಾತೂ ಆಡಲಿಲ್ಲ.

ಜವರ ಕೈ ಇಳಿಸಿದ. ತಿರುಗಿದ. ಬೆಟ್ಟದ ಆ ಕಡೆಗೆ, ಬಂದ ಊರಿನ ಕಡೆಗೆ, ಜೋಪಾನವಾಗಿ ಇಳಿದುಹೋದ.