ಗೇಣುದ್ದದ ಸೈನಿಕರು

ಹುಣಸೆಕೋಟೆಯ ದಳವಾಯಿ ಮುದ್ದಪ್ಪ ಮಾತು ಶುರುಮಾಡುವ ಮೊದಲು ಎಡಮೀಸೆ ತಿರುವುತ್ತಿದ್ದ, ಮಾತು ಮುಗಿದ ಮೇಲೆ ಬಲಮೀಸೆ. ಬಲಮೀಸೆಗೆ ಕೈ ಹೋಗುವ ತನಕ ಆಸ್ಥಾನದಲ್ಲಿ ಬೇರೆ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಒಮ್ಮೆ ಅವನ ಬಲಗೈಗೆ ಪೆಟ್ಟಾಗಿ ಪಟ್ಟಿ ಕಟ್ಟಿದ್ದಾಗ, ಒಂದು ವಾಕ್ಯ ಮುಗಿಯಲಿ ಎಂದು ಎಲ್ಲರೂ ಊಟ ಬಿಟ್ಟು ಕಾದಿದ್ದರು.

ಆ ದಿನ ಎಡಮೀಸೆ ತಿರುವಿ ಹೇಳಿದ: "ದೊರೆಗಳೇ, ನಲವತ್ತು ಭಟರನ್ನು ಕಟ್ಟಿಕೊಂಡು ಮೂರು ದಿನ ಹೋರಾಡಿ ಕೋಟೆಯ ಇಲಿಗಳನ್ನೆಲ್ಲ ಓಡಿಸಿದ್ದೇನೆ. ಇನ್ನು ಇಲ್ಲಿ ಹುಡುಕಿದರೂ ಒಂದು ಇಲಿ ಸಿಗುವುದಿಲ್ಲ."

ಬಲಮೀಸೆ.

ದೊರೆ ತಿಪ್ಪರಾಜ ಹಿಗ್ಗಿಹೋದ. ದಳವಾಯಿಗೆ 'ಮೂಷಕಮರ್ದನ' ಎಂಬ ಬಿರುದು ಕೊಟ್ಟ, ಕಾಲಿಗೆ ಬೆಳ್ಳಿಯ ಕಡಗ ತೊಡಿಸಿದ. ಜೊತೆಗೊಂದು ಡಂಗುರ ಹೊಡೆಸಿದ: ಕೋಟೆಯಲ್ಲಿ ಇಲಿ ಇದೆ ಎಂದವರು ದಳವಾಯಿಯ ಮಾನ ಕಳೆದಂತೆ, ಅಂಥವರು ಕೋಟೆ ಬಿಟ್ಟು ಹೊರಗೆ.

ಮರುದಿನವೇ ಅರಮನೆ ಹಿತ್ತಲಿನ ಕೋಳಿಗೂಡಿನಿಂದ ಏಳು ಮೊಟ್ಟೆ ಮಾಯವಾದವು.

ಕೋಳಿ ನೋಡಿಕೊಳ್ಳುವ ಕೆಂಚಮ್ಮನನ್ನು ಕರೆಸಿದರು. ಆಕೆ ಇಪ್ಪತ್ತು ವರ್ಷದಿಂದ ಗೂಡಿನ ಪಕ್ಕದ ಗುಡಿಸಲಲ್ಲೇ ಇದ್ದವಳು. ಬೇರೆ ಮನೆಯಿಲ್ಲ, ಮಠವಿಲ್ಲ.

"ಮೊಟ್ಟೆ ಏನಾಯಿತು?" ಎಂದ ದೊರೆ.

"ಏನಂತ ಹೇಳಲಿ ದೊರೆ? ಕದ್ದವರ ಹೆಸರು ಹೇಳಿದರೆ ಮಾನ ಕಳೆದಳು ಅಂತ ಓಡಿಸುತ್ತೀರಿ. ಹೇಳದಿದ್ದರೆ ಕಳ್ಳಿ ಅಂತ ಓಡಿಸುತ್ತೀರಿ. ಹೇಗಿದ್ದರೂ ನಾನು ಗಂಟು ಕಟ್ಟೋದೇ."

ಎಡಮೀಸೆ. "ಇಲಿ ಇಲ್ಲದ ಮೇಲೆ ಕದ್ದವಳು ಇವಳೇ." ಬಲಮೀಸೆ.

ದೊರೆಗೆ ಅದು ಸರಿಯೆನಿಸಿತು. ನಾಳೆ ಮಧ್ಯಾಹ್ನದೊಳಗೆ ಕೆಂಚಮ್ಮ ಕೋಟೆ ಬಿಡಬೇಕೆಂದು ಅಪ್ಪಣೆಯಾಯಿತು.

ಮೂಲೆಯಲ್ಲಿ ಕೂತಿದ್ದ ಸೀಬಯ್ಯ ಎದ್ದ. ಆಸ್ಥಾನದಲ್ಲಿ ಅವನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನು ರಜೆ ಹಾಕಿದ ದಿನ ಮಾತ್ರ ಗೊತ್ತಾಗುತ್ತಿತ್ತು.

"ಪ್ರಭು, ಹೇಗೂ ನಾಳೆಯವರೆಗೆ ಹೊತ್ತಿದೆ. ಗೂಡನ್ನು ಒಮ್ಮೆ ನೋಡಿ ಬರಲೇ?"

"ನೋಡಿ ಬಾ. ಮುಟ್ಟಬೇಡ, ಕೋಳಿಗಳು ಬೆದರುತ್ತವೆ."

ಮರುದಿನ ಸೀಬಯ್ಯ ಒಂದು ಗಡಿಗೆ ಹಿಡಿದು ಬಂದ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿತ್ತು.

"ಏನು ತಿಳಿಯಿತು?"

"ಕೆಂಚಮ್ಮನೇ ಕಳ್ಳಿ ಪ್ರಭು. ಒಂದೆರಡು ತೊಡಕು ಬಿಟ್ಟರೆ."

"ಎಂಥ ತೊಡಕು?"

"ಗೂಡಿನ ಬಾಗಿಲು ಹಾಕಿದಂತೇ ಇತ್ತು. ಗೋಡೆಯಲ್ಲಿ ಬಳೆಯಗಲದ ತೂತಿದೆ. ಕಳ್ಳಿ ಅದರಲ್ಲೇ ನುಸುಳಿದ್ದಾಳೆ."

ಎಲ್ಲರೂ ಕೆಂಚಮ್ಮನ ಕಡೆ ನೋಡಿದರು. ಆಕೆ ಆಸ್ಥಾನದ ಬಾಗಿಲಲ್ಲೇ ಮೈ ಹಿಡಿಸದೆ ಸ್ವಲ್ಪ ಓರೆಯಾಗಿ ಬಂದಿದ್ದಳು.

"ಹೋಗುವಾಗ ಜೋಳದ ಚೀಲವನ್ನು ಹಲ್ಲಿನಿಂದ ಕಡಿದಿದ್ದಾಳೆ."

"ನನಗೆ ಹಲ್ಲೆಲ್ಲಿದೆಯಪ್ಪ," ಎಂದಳು ಕೆಂಚಮ್ಮ.

"ನೀವು ಸುಮ್ಮನಿರಿ ಅಮ್ಮ, ನಾನು ನಿಮ್ಮ ಮೇಲೆ ದೂರು ಹೇಳುತ್ತಿದ್ದೇನೆ. ಪ್ರಭು, ಧೂಳಿನಲ್ಲಿ ಬಾಲ ಎಳೆದ ಗೆರೆಯೂ ಇದೆ. ಕೆಂಚಮ್ಮ, ಬಾಲ ಎಲ್ಲಿ?"

"ನಮ್ಮ ವಂಶದಲ್ಲೇ ಯಾರಿಗೂ ಇಲ್ಲ."

ದೊರೆ ಹಣೆ ಉಜ್ಜಿಕೊಂಡ. "ಹಾಗಾದರೆ ಇವಳಲ್ಲ."

"ಇವಳಲ್ಲ. ಇಲಿಯಂತೂ ಅಲ್ಲವೇ ಅಲ್ಲ, ದಳವಾಯಿಗಳು ಹೇಳಿಬಿಟ್ಟಿದ್ದಾರೆ. ಗೇಣುದ್ದದ ಆಳು, ಮೈತುಂಬ ಬೂದು ಅಂಗಿ, ಮುಖಕ್ಕೆ ಮೀಸೆ. ಪ್ರಭು, ನನಗೇಕೋ ಇದು ನಮ್ಮ ಶತ್ರು ಕಗ್ಗಲಪುರದ ದೊರೆಯ ಸೈನ್ಯ ಅನಿಸುತ್ತದೆ."

"ಗೇಣುದ್ದದ ಸೈನಿಕರೇ?"

"ನಮ್ಮ ಕೋಟೆಬಾಗಿಲು ಬಹಳ ಎತ್ತರ ಅಂತ ನಾವು ಬೀಗುತ್ತೇವೆ. ಅವರು ಅದರ ಕೆಳಗಿನಿಂದ ಬಂದಿದ್ದಾರೆ."

ದೊರೆ ಎರಡೂ ಕಾಲನ್ನು ಮೆಲ್ಲಗೆ ಸಿಂಹಾಸನದ ಮೇಲೆ ಎಳೆದುಕೊಂಡ. "ಎಷ್ಟು ಜನ?"

"ಬಿಟ್ಟುಹೋದ ಗುರುತು ನೋಡಿದರೆ ಮುನ್ನೂರಕ್ಕೆ ಮೋಸವಿಲ್ಲ. ಗುರುತು ಎಂಥದ್ದೆಂದು ಸಭೆಯಲ್ಲಿ ಬಿಡಿಸಿ ಹೇಳಲಾರೆ. ಕರಿಜೀರಿಗೆಯ ಹಾಗಿದೆ."

"ಮುದ್ದಪ್ಪ," ಎಂದ ದೊರೆ, "ಈಗಲೇ ಹೋಗಿ ಕೋಳಿಗೂಡಿನೊಳಗೆ ಪಾಳೆಯ ಬಿಡು. ಯುದ್ಧ ಗೆಲ್ಲುವ ತನಕ ಹೊರಗೆ ಬರಬೇಡ."

ದಳವಾಯಿ ಎಡಮೀಸೆ ತಿರುವಿದ. ಇನ್ನೊಮ್ಮೆ ತಿರುವಿದ.

"ದಳವಾಯಿಗಳಿಗೆ ಅನುಕೂಲವಾಗಲಿ ಅಂತ ಒಬ್ಬ ಸೆರೆಯಾಳನ್ನು ತಂದಿದ್ದೇನೆ," ಎಂದ ಸೀಬಯ್ಯ. "ಒಳಗಿನ ಗುಟ್ಟು ಬಾಯಿಬಿಡಿಸಲಿ." ಗಡಿಗೆಯನ್ನು ದಳವಾಯಿಯ ಮುಂದಿಟ್ಟು ಬಟ್ಟೆ ಬಿಚ್ಚಿದ.

ಸೆರೆಯಾಳು ಹೊರಗೆ ಜಿಗಿದ. ದಿಕ್ಕುಗಾಣದೆ ದಳವಾಯಿಯ ಕಡಗ ಹತ್ತಿ, ಅಲ್ಲಿಂದ ಧೋತರದೊಳಗೆ ಹೊಕ್ಕ.

"ಇಲಿ, ಇಲಿ, ಅಯ್ಯೋ ಇಲಿ ಕಣ್ರೋ," ಎಂದು ದಳವಾಯಿ ಕುಣಿದ. ಎರಡು ಕೈಯೂ ಕಚ್ಚೆಯಲ್ಲಿದ್ದವು. ಎಡಮೀಸೆಯಿಲ್ಲದೆ, ಬಲಮೀಸೆಯಿಲ್ಲದೆ ಅವನು ಆಡಿದ ಮೊದಲ ಮಾತು ಅದು.

ಸೀಬಯ್ಯ ಕೈಮುಗಿದ. "ಪ್ರಭು, ಕೋಟೆಯಲ್ಲಿ ಇಲಿ ಇದೆ ಎಂದು ಸ್ವತಃ ಮೂಷಕಮರ್ದನರೇ ಹೇಳಿದರು. ದಳವಾಯಿಯ ಮಾನ ಹೋಯಿತು, ನಿಜ. ಆದರೆ ಅದು ಅವರದೇ ಮಾನ. ಕಳೆದುಕೊಳ್ಳಲು ಅವರಿಗೆ ಅಧಿಕಾರವಿದೆ. ಶಿಕ್ಷೆ ಬೇಡ."

ದೊರೆ ಕಿರೀಟ ಜಾರುವಷ್ಟು ನಕ್ಕ. ದಳವಾಯಿಯ ಕಡಗ ಬಿಚ್ಚಿಸಿ ಕೆಂಚಮ್ಮನಿಗೆ ಕೊಟ್ಟ. ಗುಡಿಸಲೂ ಕೋಳಿಗಳೂ ಅವಳಿಗೇ ಉಳಿದವು.

ನಗು ನಿಂತ ಮೇಲೆ ದೊರೆಗೆ ಸಿಟ್ಟು ಬಂತು. "ಮುನ್ನೂರು ಇಲಿ ಅಂದರೆ ಯಾರೋ ಕಾಳು ಹಾಕಿ ಸಾಕುತ್ತಿದ್ದಾರೆ. ಯಾರವನು ದ್ರೋಹಿ? ಅವನ ಕೈ ಕಟ್ಟಿಸುತ್ತೇನೆ."

ಸೀಬಯ್ಯ ಖಾಲಿ ಗಡಿಗೆಗೆ ಮತ್ತೆ ಬಟ್ಟೆ ಕಟ್ಟತೊಡಗಿದ. ಹೇಳಿದವಳು ಕೆಂಚಮ್ಮ.

"ನಾನು ಹಾಕುವ ಕಾಳನ್ನು ಕೋಳಿಗಳು ನೆಲದಿಂದ ಹೆಕ್ಕಿ ಮುಗಿಸುತ್ತವೆ ದೊರೆ. ಚೀಲ ಕಡಿದದ್ದಕ್ಕೆ ಇವತ್ತೇ ಜೋಳವನ್ನು ಮುಚ್ಚಳವಿರುವ ಮಣ್ಣಿನ ಹರವಿಗೆ ಸುರಿಯುತ್ತೇನೆ, ತೂತಿಗೆ ಕಲ್ಲು ಮಣ್ಣು ಮೆತ್ತುತ್ತೇನೆ. ಆದರೆ ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಅರಮನೆ ಉಪ್ಪರಿಗೆಯಿಂದ ಮೂರು ಬೊಗಸೆ ಜೋಳ ಬೀಳುತ್ತದಲ್ಲ, ಅದಕ್ಕೆ ನಾನೇನು ಮಾಡಲಿ? 'ತಿನ್ನಿ ನನ್ನ ಬಂಗಾರಗಳಾ' ಅಂತ ಒಂದು ದನಿ ಬೇರೆ."

ಆ ಉಪ್ಪರಿಗೆಗೆ ಹತ್ತುವವರು ಕೋಟೆಯಲ್ಲಿ ಒಬ್ಬರೇ. ಮಂತ್ರಿ ಚಾವಣಿ ನೋಡಿದ. ಭಟರು ತಮ್ಮ ತಮ್ಮ ಈಟಿ ನೋಡಿಕೊಂಡರು.

"ಕೈ ಕಟ್ಟಿಸೋದೇನೂ ಬೇಡ ದೊರೆ," ಎಂದಳು ಕೆಂಚಮ್ಮ. "ಆ ಮೂರು ಬೊಗಸೆ ಮಾತ್ರ ನಾಳೆಯಿಂದ ನಿಲ್ಲಿಸಿಬಿಡಿ. ಆಗುತ್ತದಾ?"

ದೊರೆ ತಿಪ್ಪರಾಜ ಗಂಟಲು ಸರಿಮಾಡಿಕೊಂಡು, ಮಂತ್ರಿಯ ಕಡೆ ತಿರುಗಿ, ಈ ಸಲ ಹುಣಸೆ ಫಸಲು ಹೇಗಿದೆ ಎಂದು ಬಹಳ ವಿವರವಾಗಿ ವಿಚಾರಿಸತೊಡಗಿದ.