ಕೋಚ್ ಕಲಿಸಿದ ಒಂದು ನಿಮಿಷ

ಕನ್ಸಲ್ಟಿಂಗ್ ಕಂಪನಿಗಳ ಸಂದರ್ಶನಕ್ಕೆ ತಯಾರು ಮಾಡುವ ಕೋಚ್ ಫಣಿರಾಜರದು ಒಂದೇ ಮಂತ್ರ. "ಯಾರು ಏನೇ ಕೇಳಲಿ, ತಟ್ಟನೆ ಉತ್ತರ ಕೊಡಬೇಡಿ. ಯೋಚಿಸೋಕೆ ಒಂದು ನಿಮಿಷ ಕೇಳಿ. ಕ್ಲೈಂಟಿಗೆ ಏನು ಬೇಕು ಅಂತ ತಿಳ್ಕೊಳ್ಳಿ. ಆಮೇಲೆ ಸಲಹೆ ಕೊಡಿ. ಕೊಟ್ಟ ಮೇಲೆ ಜಪ್ಪಯ್ಯ ಅಂದ್ರೂ ಜಗ್ಗಬೇಡಿ!"

ತರಗತಿ ಮುಗಿದ ದಿನ ಅವರು ಶಿಷ್ಯೆ ನೀಲಗಂಗಾಳನ್ನು ಒಳಗೆ ಕರೆದು ಮುಖ ಗಂಟಿಕ್ಕಿದರು. "ನೀನಿನ್ನೂ ಹಸಿ. ಅಡ್ವಾನ್ಸ್ ಕೋರ್ಸಿಗೆ ಸೇರ್ತೀಯೋ ಇಲ್ವೋ? ಸೇರದಿದ್ರೆ ಕಂಪನಿಗೆ ನಿನ್ನ ಹೆಸರು ಕಳಿಸಲ್ಲ."

"ಒಂದು ನಿಮಿಷ ಕೊಡಿ ಸಾರ್," ಎಂದು ನೀಲಗಂಗಾ ಕಣ್ಣು ಮುಚ್ಚಿದಳು.

ಫಣಿರಾಜರ ಮುಖ ಅರಳಿತು. "ಭೇಷ್!"

"ಇಲ್ಲಿ ಕ್ಲೈಂಟ್ ನಾನೇ. ಕ್ಲೈಂಟಿಗೆ ಬೇಕಿರೋದು ಕೆಲಸಾನೋ, ಪಾಠಾನೋ?"

"ಕೆಲಸ! ಪ್ರಶ್ನೆ ಅಂದ್ರೆ ಇದು!" ಅವರು ಮೇಜು ಕುಟ್ಟಿದರು. "ಸಂದರ್ಶನದಲ್ಲೂ ಹೀಗೇ ಮಾತಾಡು, ಕಣ್ಣುಮುಚ್ಚಿ ತಗೋತಾರೆ."

"ಈಗಲೇ ಕಣ್ಣುಮುಚ್ಚಿ ತಗೋತಾರೆ ಅಂದ್ಮೇಲೆ ನನ್ನ ಸಲಹೆ, ಕ್ಲೈಂಟ್ ಅಡ್ವಾನ್ಸ್ ಕೋರ್ಸಿಗೆ ಸೇರೋದು ಬೇಡ."

ಕುಟ್ಟಲು ಎತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. "ಇನ್ನೊಂದ್ಸಲ ಯೋಚಿಸಮ್ಮ."

"ಜಗ್ಗಬಾರದು ಅಂತ ನೀವೇ ಕಲಿಸಿದ್ದಲ್ವಾ ಸಾರ್?"

ಫಣಿರಾಜರು ಮುಖ ಹುಳ್ಳಗೆ ಮಾಡಿಕೊಂಡು ಅವಳ ಹೆಸರು ಕಳಿಸಿದರು. ಬಾಗಿಲಾಚೆ ಸಾಲಾಗಿ ಕಾಯುತ್ತಿದ್ದ ಉಳಿದವರ ಕಿವಿಯೆಲ್ಲ ಒಳಗೇ ಇತ್ತು.

ಮುಂದಿನವನು ಬಂದು ಕೂತ. ಫಣಿರಾಜರು ಇನ್ನೂ ಬಾಯಿ ತೆರೆದಿರಲಿಲ್ಲ.

"ಒಂದು ನಿಮಿಷ ಕೊಡಿ ಸಾರ್," ಎಂದ.